ಚಿಪ್ಸ್ ಅಂಗಡಿಯ ಕರಿ (curry) ಸಾಸ್ ಮನೆಯಲ್ಲಿ: ನನ್ನ ಹದ ಎಲ್ಲಿ ತಪ್ಪುತ್ತಿದೆ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ 7 ವರ್ಷ ಸಂಸಾರ ಮಾಡಿ, 2 ವರ್ಷಗಳ ಹಿಂದೆ ಊರಿಗೆ ಮರಳಿದವರು ನಾವು. ಅಲ್ಲಿ ಶುಕ್ರವಾರ ಸಂಜೆಯೆಂದರೆ ಬೀದಿಯ ತಿರುವಿನಲ್ಲಿದ್ದ ಚಿಪ್ಸ್ ಅಂಗಡಿಯಿಂದ ಬೆರಳಿನಷ್ಟು ದಪ್ಪದ ಬಿಸಿ ಚಿಪ್ಸನ್ನೂ ಜೊತೆಗೆ ಒಂದು ಲೋಟ ಕರಿ ಸಾಸನ್ನೂ ತರುವುದು ಮನೆಯ ರೂಢಿಯಾಗಿತ್ತು. ಈಗ ಇಲ್ಲಿ ಮಳೆ ಹಿಡಿದ ಸಂಜೆಗಳಲ್ಲಿ 11 ವರ್ಷದ ಮಗಳು ಅದನ್ನೇ ಕೇಳುತ್ತಾಳೆ. ಅವಳಿಗಾಗಿ ಎಂದು ಹೇಳಿಕೊಂಡು ಒಲೆಯ ಮುಂದೆ ನಿಲ್ಲುತ್ತೇನಾದರೂ ಆಸೆ ನನಗೂ ಅಷ್ಟೇ ಇದೆ.

ತಿನ್ನದವರಿಗಾಗಿ ಆ ಸಾಸ್ ಹೇಗಿರುತ್ತದೆ ಎಂದು ಹೇಳುತ್ತೇನೆ. ಬಣ್ಣ ಸಾಸಿವೆ ಹೂವಿನ ಹಳದಿಯಲ್ಲ, ಸ್ವಲ್ಪ ಕಂದು ಬೆರೆತ ಹಳದಿ. ಚಮಚ ಅದ್ದಿ ಎತ್ತಿದರೆ ಹಿಂಬದಿಗೆ ಒಂದೇ ಸಮನಾಗಿ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ. ನಾಲಿಗೆಗೆ ಮೊದಲು ಸಿಹಿ, ಆಮೇಲೆ ಮೆಂತ್ಯದ ಘಮ, ಕೊನೆಗೆ ಗಂಟಲಿನಲ್ಲಿ ಸಣ್ಣ ಖಾರ. ಆರುತ್ತಿದ್ದಂತೆ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಅದನ್ನು ಚಿಪ್ಸಿನ ತುದಿಯಿಂದ ಒಡೆದು ಅದ್ದುವುದೇ ಮಗಳ ಸಂತೋಷ.

ನಾಲ್ಕು ಸಲ ಪ್ರಯತ್ನಿಸಿದ್ದೇನೆ. ಮೊದಲ ಸಲ ಮನೆಯ ಸಾರಿನ ಪುಡಿ ಹಾಕಿದೆ. ಹಿಟ್ಟು ಕದಡಿದ ಸಾರಾಯಿತು. ಎರಡನೆಯ ಸಲ ಗರಂ ಮಸಾಲೆ ಹಾಕಿದೆ. ಹೋಟೆಲಿನ ಕುರ್ಮದ ವಾಸನೆ ಬಂತು. ಮೂರನೆಯ ಸಲ ಮೈದಾವನ್ನು ನೀರಿನಲ್ಲಿ ಕದಡಿ ಸುರಿದೆ. ಗಂಟುಗಳಾದದ್ದಲ್ಲದೆ ಎಷ್ಟು ಕುದಿಸಿದರೂ ಹಸಿ ವಾಸನೆ ಹೋಗಲಿಲ್ಲ. ನಾಲ್ಕನೆಯ ಸಲ, ಕಳೆದ ವಾರ, ಎಲ್ಲವೂ ಸರಿಯಾಗಿಯೇ ನಡೆಯುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಸಾಸಿನ ಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗಿತು. ಟೊಮೆಟೊ ಆಗಲಿ ಬ್ಯಾಡಗಿ ಮೆಣಸಿನಕಾಯಿ ಆಗಲಿ ಹಾಕಿರಲಿಲ್ಲವಾದ್ದರಿಂದ ಕಾರಣವೇ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಲೀಡ್ಸ್ ಕನ್ನಡತಿ

ನಿಮ್ಮ ವರ್ಣನೆ ಓದಿಯೇ ಇದು ಯಾವ ಸಾಸ್ ಎಂದು ಗೊತ್ತಾಯಿತು. ಆದರೂ ಚರ್ಚೆ ಮುಂದುವರಿಯುವ ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಅಂತರ್ಜಾಲದಲ್ಲಿ ಹುಡುಕಿದಾಗ ಎರಡು ಬೇರೆ ಬೇರೆ ಸಾಸುಗಳ ವಿಧಾನಗಳು ಒಂದೇ ಹೆಸರಿನಲ್ಲಿ ಸಿಗುತ್ತವೆ ಮತ್ತು ಅವನ್ನು ಬೆರೆಸಿದವರಿಗೆ ಎರಡೂ ಕೈಕೊಡುತ್ತವೆ. ಒಂದು, ಇಲ್ಲಿನ ಇಂಡಿಯನ್ ಟೇಕ್‌ಅವೇಗಳು (ಊಟ ಕಟ್ಟಿಸಿಕೊಂಡು ಹೋಗುವ ಅಂಗಡಿಗಳು) ದೊಡ್ಡ ಹಂಡೆಯಲ್ಲಿ ಬೇಯಿಸಿಟ್ಟುಕೊಳ್ಳುವ ಈರುಳ್ಳಿಯ ಬೇಸ್ ಗ್ರೇವಿ. ಆ ಅಂಗಡಿಗಳಲ್ಲಿ ಬಹುಪಾಲನ್ನು ಕಟ್ಟಿ ಬೆಳೆಸಿದವರು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಇನ್ನೊಂದು, ಚಿಪ್ಸ್ ಅಂಗಡಿಗಳಲ್ಲೂ ಚೈನೀಸ್ ಟೇಕ್‌ಅವೇಗಳಲ್ಲೂ ಸಿಗುವ ಹಿಟ್ಟು ಬೆರೆತ ಹಳದಿ ಸಾಸ್. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಅನೇಕ ಕುಟುಂಬಗಳು ಇಲ್ಲಿನ ಚಿಪ್ಸ್ ಅಂಗಡಿಗಳನ್ನು ಕೊಂಡು, ಮೀನು ಮತ್ತು ಚಿಪ್ಸನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ತಮ್ಮ ಅಡುಗೆಯನ್ನೂ ಮಾರತೊಡಗಿದವು. ಇಂಗ್ಲಿಷರ ಕರಿ ಪುಡಿಯೂ ಕ್ಯಾಂಟನೀಸ್ ಅಡುಗೆಯ ಕೈಯೂ ಕೂಡಿದ್ದು ಆ ಅಡುಗೆಮನೆಗಳಲ್ಲಿ. ನಿಮಗೆ ಬೇಕಾದದ್ದು ಈ ಎರಡನೆಯದು.

ಇನ್ನೊಂದು ಮಾತನ್ನು ಇಲ್ಲಿಗೆ ಹೊಸದಾಗಿ ಬರುವ ಸಸ್ಯಾಹಾರಿಗಳಿಗಾಗಿ ಬರೆಯುತ್ತೇನೆ. ನಮ್ಮ ಯಾರ್ಕ್‌ಶೈರಿನಲ್ಲಿ ಬಹಳಷ್ಟು ಚಿಪ್ಸ್ ಅಂಗಡಿಗಳು ಇಂದಿಗೂ ಎಣ್ಣೆಯಲ್ಲಿ ಕರಿಯುವುದಿಲ್ಲ, ದನದ ಕೊಬ್ಬಿನಲ್ಲಿ ಕರಿಯುತ್ತವೆ. ಸಾಸನ್ನೂ ಕೆಲವರು ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಯಾವುದರಲ್ಲಿ ಕರಿಯುತ್ತೀರಿ, ಸಾಸಿಗೆ ಏನು ಹಾಕುತ್ತೀರಿ ಎಂದು ಎರಡು ಪ್ರಶ್ನೆ ಕೇಳಿ ತಿಳಿದುಕೊಂಡೇ ತಿನ್ನಿ.

ಒಗ್ಗರಣೆ ಡಬ್ಬಿ, ಮೈಸೂರು

ತುಂಗಾತೀರ ಅವರೇ, ನನ್ನ ಮಾತನ್ನು ತಪ್ಪಾಗಿ ತಿಳಿಯಬಾರದು. ನಮ್ಮಲ್ಲಿ ಪೂರಿ ಸಾಗು ಇದೆ, ಕುರ್ಮ ಇದೆ, ಹತ್ತು ಬಗೆಯ ಗೊಜ್ಜು ಇದೆ. ಕರಿದ ಆಲೂಗೆಡ್ಡೆಗೆ ಅವೆಲ್ಲವೂ ಒಪ್ಪುತ್ತವೆ. ಹಿಟ್ಟು, ಪುಡಿ ಮತ್ತು ಸಕ್ಕರೆ ಬೆರೆಸಿದ ಒಂದು ಸಾಸಿಗಾಗಿ ನಾಲ್ಕು ಸಲ ಶ್ರಮಪಟ್ಟಿದ್ದೀರಿ ಎಂದು ಓದಿ ಮನಸ್ಸಿಗೆ ಕಷ್ಟವಾಯಿತು. ಮಾಡಲೇಬೇಕು ಎಂದಿದ್ದರೆ ಕೊನೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಂದು ಒಗ್ಗರಣೆ ಕೊಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ ನೋಡಿ. ಎಂಥ ಪದಾರ್ಥವೂ ಅದರಿಂದ ಎದ್ದು ನಿಲ್ಲುತ್ತದೆ ಎನ್ನುವುದು ನನ್ನ ಅನುಭವ.

ತುಂಗಾತೀರ, ಶಿವಮೊಗ್ಗ

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಸಾಗು ನಮ್ಮ ಮನೆಯಲ್ಲೂ ವಾರಕ್ಕೊಮ್ಮೆ ಆಗುತ್ತದೆ ಮತ್ತು ಅದರ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಮಗಳು ಕೇಳುತ್ತಿರುವುದು ಸಾಗುವನ್ನಲ್ಲ. ಪರವೂರಿನಲ್ಲಿ ಬೆಳೆದ ಮಗುವಿಗೆ ಬಾಲ್ಯದ ರುಚಿಯೆಂದರೆ ಅದೇ. ಮಂಗಳೂರಿನವರು ಬೆಂಗಳೂರಿನಲ್ಲಿ ನೀರ್ ದೋಸೆಯ ಹದಕ್ಕಾಗಿ ಅಕ್ಕಿಯನ್ನು ಹುಡುಕಿಕೊಂಡು ಹೋಗುವುದಿಲ್ಲವೇ, ಇದೂ ಹಾಗೆಯೇ. ಒಗ್ಗರಣೆಯ ಬಗ್ಗೆ ಉಳಿದವರು ಏನು ಹೇಳುತ್ತಾರೋ ನೋಡೋಣ.

ಪಾಕಪ್ರಯೋಗ

ಆಹಾರ ತಂತ್ರಜ್ಞಾನ ಓದಿದವಳು ನಾನು. ನಿಮ್ಮ ನಾಲ್ಕೂ ಸೋಲುಗಳಿಗೆ ಬೇರೆ ಬೇರೆ ಕಾರಣಗಳಿವೆ. ಕೊನೆಯದರಿಂದ ಆರಂಭಿಸುತ್ತೇನೆ, ಏಕೆಂದರೆ ಅದರ ಉತ್ತರ ನಿಮ್ಮ ಪೂಜೆಯ ತಟ್ಟೆಯಲ್ಲೇ ಇದೆ. ಈರುಳ್ಳಿ ಬೇಗ ಮೆತ್ತಗಾಗಲಿ ಎಂದು ಅಡುಗೆ ಸೋಡಾ ಹಾಕಿದಿರಾ? ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದ ಕೂಡಲೇ ಅದು ಕೆಂಪಾಗುತ್ತದೆಯಲ್ಲ, ಸೋಡಾವೂ ಸುಣ್ಣದಂತೆ ಕ್ಷಾರವಾದ್ದರಿಂದ ಅರಿಶಿನದಲ್ಲಿರುವ ಕರ್ಕ್ಯುಮಿನ್ ಬಾಣಲೆಯಲ್ಲೂ ಅದೇ ರೀತಿ ಬಣ್ಣ ಬದಲಿಸುತ್ತದೆ. ಸಾಕಷ್ಟು ವಿನೆಗರ್ ಹಾಕಿದ್ದರೆ ಹಳದಿ ಮರಳಿ ಬರುತ್ತಿತ್ತು, ಆದರೆ ಸೋಡಾದ ರುಚಿ ಹೋಗುತ್ತಿರಲಿಲ್ಲ. ಆದ್ದರಿಂದ ಸೋಡಾ ಬಿಡಿ, ಈರುಳ್ಳಿಗೆ ಸಮಯ ಕೊಡಿ.

ಇನ್ನು ಪುಡಿಯ ವಿಷಯ. ನಮ್ಮ ಸಾರಿನ ಪುಡಿಗೂ ಬ್ರಿಟನ್ನಿನ ಕರಿ ಪುಡಿಗೂ ಇರುವ ದೊಡ್ಡ ಅಂತರ ಹುರಿಯುವುದರಲ್ಲಿದೆ. ನಾವು ಮೆಂತ್ಯವನ್ನು ಕೆಂಪಗಾಗುವಂತೆ, ಧನಿಯಾವನ್ನು ಘಮ್ಮೆನ್ನುವಂತೆ ಹುರಿದು ಪುಡಿ ಮಾಡುತ್ತೇವೆ. ಅಲ್ಲಿನ ಪುಡಿ ಹಾಗಲ್ಲ. ಅದು ಬಹುಮಟ್ಟಿಗೆ ಹಸಿಯಾಗಿಯೇ ಇದ್ದು, ಅರಿಶಿನ ಮತ್ತು ಮೆಂತ್ಯ ಮುಂದೆ ನಿಂತಿರುತ್ತವೆ, ಮೆಣಸಿನಕಾಯಿ ಹಿಂದೆ ಸರಿದಿರುತ್ತದೆ. ನೀವು ಹುಡುಕುತ್ತಿರುವ ‘ಆ ವಾಸನೆ’ಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೆಂತ್ಯದ್ದು ಎಂದೇ ನನ್ನ ಅಭಿಪ್ರಾಯ. ಅದರಲ್ಲಿರುವ ಸೊಟೊಲೋನ್ ಎಂಬ ಅಂಶ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಟ್ಟುತ್ತದೆ. ಮನೆಯಲ್ಲೇ ಮಾಡಿಕೊಳ್ಳುವುದಾದರೆ ದೊಡ್ಡ ಚಮಚದ ಲೆಕ್ಕದಲ್ಲಿ ಧನಿಯಾ 4, ಜೀರಿಗೆ ಒಂದೂವರೆ, ಅರಿಶಿನದ ಪುಡಿ 2, ಮೆಂತ್ಯ 1 ಇರಲಿ. ಸಾಸಿವೆ, ಕಾಳುಮೆಣಸು, ಸೋಂಪು, ಒಣಶುಂಠಿ ಪುಡಿ ಮತ್ತು ಮೆಣಸಿನಪುಡಿ ತಲಾ ಅರ್ಧ ಚಮಚ ಸಾಕು. ಕಾಳುಗಳನ್ನು ಬಾಣಲೆಯಲ್ಲಿ ಕೈಗೆ ಬಿಸಿ ತಾಗುವಷ್ಟು ಮಾತ್ರ ಬೆಚ್ಚಗೆ ಮಾಡಿ, ಬಣ್ಣ ಬದಲಾಗುವ ಮೊದಲೇ ಇಳಿಸಿ, ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಏಲಕ್ಕಿ, ಲವಂಗ, ಚಕ್ಕೆ ಇವುಗಳ ಭಾರ ಹೆಚ್ಚಾದ ಕೂಡಲೇ ಸಾಸ್ ಕುರ್ಮದ ಕಡೆ ವಾಲುತ್ತದೆ. ನಿಮ್ಮ ಎರಡನೆಯ ಪ್ರಯತ್ನದಲ್ಲಿ ಆದದ್ದು ಅದೇ.

ಮೂರನೆಯದು ಹಿಟ್ಟಿನ ತಪ್ಪು. ಮೈದಾವನ್ನು ಎಣ್ಣೆಯಲ್ಲಿ ಹುರಿದಾಗ ಪ್ರತಿಯೊಂದು ಕಣದ ಸುತ್ತಲೂ ಜಿಡ್ಡು ಹರಡಿಕೊಳ್ಳುವುದರಿಂದ ನೀರು ಬಿದ್ದಾಗ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವುದಿಲ್ಲ, ಹಸಿ ವಾಸನೆಯೂ ಹುರಿಯುವಾಗಲೇ ಹೋಗಿರುತ್ತದೆ. ಆದರೆ ಹಿಟ್ಟನ್ನು ಕಂದು ಬಣ್ಣ ಬರುವವರೆಗೆ ಹುರಿದರೆ ಅದರ ಮಂದಗೊಳಿಸುವ ಶಕ್ತಿ ಕುಗ್ಗುತ್ತದೆ. ಕಾಯಿಸಿದ ಬೆಣ್ಣೆಯ ವಾಸನೆ ಏಳುತ್ತಿದ್ದಂತೆ ನಿಲ್ಲಿಸಬೇಕು. ಹಾಗೆಯೇ ವಿನೆಗರ್ ಅಥವಾ ನಿಂಬೆರಸವನ್ನು ಇಳಿಸುವ ಮುನ್ನ ಮಾತ್ರ ಹಾಕಿ, ಏಕೆಂದರೆ ಹುಳಿಯೊಂದಿಗೆ ಬಹಳ ಹೊತ್ತು ಕುದಿದರೆ ಮಂದವಾದ ಸಾಸ್ ಮತ್ತೆ ನೀರಾಗುತ್ತದೆ.

ಬಾಣಲೆ, ಮ್ಯಾಂಚೆಸ್ಟರ್

ವಿದ್ಯಾರ್ಥಿಯಾಗಿದ್ದಾಗ ಇಲ್ಲಿನ ಒಂದು ಚೈನೀಸ್ ಟೇಕ್‌ಅವೇಯಲ್ಲಿ ವಾರಕ್ಕೆ ಮೂರು ರಾತ್ರಿಯಂತೆ 2 ವರ್ಷ ಕೆಲಸ ಮಾಡಿದ್ದೇನೆ. ಈಚೆಗೆ ಹೆಚ್ಚಿನ ಅಂಗಡಿಗಳು ಡಬ್ಬದಲ್ಲಿ ಬರುವ ಪೇಸ್ಟ್ ಅಥವಾ ಪುಡಿಯನ್ನು ಬಿಸಿ ನೀರಿಗೆ ಕದಡಿ ಕುದಿಸುತ್ತವೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ನಾನಿದ್ದ ಅಂಗಡಿಯ ಹಿರಿಯ ಅಡುಗೆಯವರು ಮಾತ್ರ ಪೇಸ್ಟನ್ನು ತಾವೇ ಮಾಡುತ್ತಿದ್ದರು. ಸೋಮವಾರ ಅಂಗಡಿ ತೆರೆಯುವ ಮೊದಲು ದೊಡ್ಡ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ರುಬ್ಬಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯನ್ನು ನೀರಿನಂಶ ಇಂಗುವವರೆಗೆ ಹುರಿದು, ಉರಿಯನ್ನು ತೀರಾ ಸಣ್ಣಗೆ ಮಾಡಿ ಕರಿ ಪುಡಿ ಸುರಿಯುತ್ತಿದ್ದರು. ಆಮೇಲೆ ಅವರ ಸೌಟು ನಿಲ್ಲುತ್ತಲೇ ಇರಲಿಲ್ಲ. ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು, ಆ ಎಣ್ಣೆ ಕಿತ್ತಳೆಗೆ ಹತ್ತಿರದ ಹಳದಿ ಬಣ್ಣಕ್ಕೆ ಬಂದಾಗ ಮಾತ್ರ ಹಿಟ್ಟು ಬೀಳುತ್ತಿತ್ತು. ಅಂದು ಮಾಡಿದ್ದನ್ನು ಅಂದೇ ಬಳಸಲು ಬಿಡುತ್ತಿರಲಿಲ್ಲ. ಮರುದಿನದ ಸಾಸೇ ಸಾಸ್ ಎನ್ನುವುದು ಅವರ ನಿಯಮವಾಗಿತ್ತು. ಅದು ಸರಿ ಎಂದು ನನ್ನ ನಾಲಿಗೆಗೂ ಅನ್ನಿಸಿದೆ.

ಮನೆಯ ಅಳತೆಗೆ ಇಳಿಸಿ ನಾನು ಮಾಡುವ ಕ್ರಮ ಹೀಗಿದೆ. 4 ಜನಕ್ಕೆ ಸಾಕು. ದಪ್ಪ ತಳದ ಪಾತ್ರೆಯಲ್ಲಿ 3 ದೊಡ್ಡ ಚಮಚ ವಾಸನೆಯಿಲ್ಲದ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ 250 ಗ್ರಾಂ ಈರುಳ್ಳಿಯನ್ನು ಚಿಟಿಕೆ ಉಪ್ಪಿನೊಂದಿಗೆ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ ಬಿಡಿ. ಈರುಳ್ಳಿ ಗಾಜಿನಂತೆ ಪಾರದರ್ಶಕವಾಗಬೇಕೇ ಹೊರತು ಕೆಂಪಾಗಬಾರದು. ಬಿರಿಯಾನಿಗೆ ಹುರಿಯುವ ಕೈ ಇಲ್ಲಿ ಬೇಡ. 3 ಎಸಳು ಬೆಳ್ಳುಳ್ಳಿ, ಅರ್ಧ ಇಂಚು ಶುಂಠಿ, ಸಿಪ್ಪೆ ತೆಗೆದು ಹೆಚ್ಚಿದ ಅರ್ಧ ಸೇಬು ಹಾಕಿ ಇನ್ನೂ 5 ನಿಮಿಷ ಬಾಡಿಸಿ. ನಂತರ 4 ಚಿಕ್ಕ ಚಮಚ ಕರಿ ಪುಡಿ ಹಾಕಿ ಒಂದು ನಿಮಿಷ, 2 ದೊಡ್ಡ ಚಮಚ ಮೈದಾ ಹಾಕಿ ಎರಡು ನಿಮಿಷ, ಕೈ ಬಿಡದೆ ಆಡಿಸಿ. ತರಕಾರಿ ಬೇಯಿಸಿದ ಬಿಸಿ ನೀರು 600 ಮಿಲಿಲೀಟರನ್ನು ಮೊದಲು ಒಂದೊಂದೇ ಸೌಟಿನಂತೆ, ಪ್ರತಿ ಸಲವೂ ನಯವಾಗುವವರೆಗೆ ತಿರುವುತ್ತಾ, ಆಮೇಲೆ ಧಾರೆಯಾಗಿ ಹಾಕಿ. ಒಂದು ಅನಾನಸ್ ಹೂವು, ಒಂದು ಚಿಕ್ಕ ಚಮಚ ಸೋಯಾ ಸಾಸ್, ಒಂದೂವರೆ ಚಮಚ ಸಕ್ಕರೆ, ಒಂದು ಚಮಚ ಟೊಮೆಟೊ ಪೇಸ್ಟ್ ಸೇರಿಸಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ತಳ ಹಿಡಿಯುವ ಪದಾರ್ಥವಿದು, ಆಗಾಗ ಸೌಟು ಆಡಿಸುತ್ತಿರಬೇಕು. ಕೊನೆಗೆ ಹೂವನ್ನು ತೆಗೆದು, ಆರಿಸಿ, ರುಬ್ಬಿ, ಜರಡಿಯಲ್ಲಿ ಸೋಸಿ, ಮತ್ತೆ ಬಿಸಿ ಮಾಡುವಾಗ ಉಪ್ಪು ನೋಡಿ ಅರ್ಧ ಚಮಚ ವಿನೆಗರ್ ಬೆರೆಸಿ.

ಒಗ್ಗರಣೆ ಡಬ್ಬಿಯವರೇ, ಒಗ್ಗರಣೆಯ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಈ ಸಾಸ್ ಸಪ್ಪೆಯಾಗಿರುವುದರಿಂದ ಅದಕ್ಕೆ ಏನಾದರೂ ಬೇಕು ಎಂದು ನಮ್ಮ ಕೈ ಹಾತೊರೆಯುತ್ತದೆ. ಇದರ ರುಚಿ ಇರುವುದು ಎಲ್ಲವೂ ಕರಗಿ ಒಂದಾಗುವುದರಲ್ಲಿ. ಯಾವ ಮಸಾಲೆಯೂ ತನ್ನ ಹೆಸರು ಹೇಳಿಕೊಂಡು ಮೇಲೆ ಬರಬಾರದು. ಇಂಗು ಬಿದ್ದ ಕ್ಷಣಕ್ಕೆ ಅದು ಬೇರೆ ಅಡುಗೆಯಾಗುತ್ತದೆ.

ಅಡಿಗೆ ಮನೆ ಹೊಸಬ, ಹುಬ್ಬಳ್ಳಿ

ಮೂರು ಪ್ರಶ್ನೆಗಳಿವೆ. ಈರುಳ್ಳಿ ಮತ್ತು ಬೆಳ್ಳುಳ್ಳಿ ತಿನ್ನದವರು ಇದನ್ನು ಮಾಡಬಹುದೇ? ಗೋಧಿ ಒಗ್ಗದವರಿಗೆ ಮೈದಾ ಬದಲು ಏನು ಹಾಕಬೇಕು? ಅಂಗಡಿಗಳವರು ಅಜಿನೊಮೊಟೊ ಹಾಕುತ್ತಾರೆಯೇ?

ಪಾಕಪ್ರಯೋಗ

ಈರುಳ್ಳಿಯಿಲ್ಲದೆ ಒಂದು ಹಳದಿ ಸಾಸ್ ಆಗುತ್ತದೆ, ಆದರೆ ಈ ಸಾಸ್ ಆಗುವುದಿಲ್ಲ. ಇದರ ಮೈ ಮತ್ತು ಸಿಹಿ ಎರಡೂ ಈರುಳ್ಳಿಯಿಂದಲೇ ಬರುತ್ತವೆ. ಮೈದಾ ಬದಲು ಕಾರ್ನ್‌ಫ್ಲೋರ್ ಬಳಸಬಹುದು. ಅದನ್ನು ಹುರಿಯಬಾರದು, ತಣ್ಣೀರಿನಲ್ಲಿ ಕದಡಿ ಕೊನೆಗೆ ಹಾಕಬೇಕು. ಕಾರ್ನ್‌ಫ್ಲೋರ್ ಎಂದರೆ ಪಿಷ್ಟ ಮಾತ್ರ. ರೊಟ್ಟಿಗೆ ಬಳಸುವ ಮೆಕ್ಕೆಜೋಳದ ಹಿಟ್ಟನ್ನು ತಂದು ಹಾಕಿದರೆ ಅಂಬಲಿಯಾಗುತ್ತದೆ. ಗೋಧಿ ಒಗ್ಗದವರು ಸೋಯಾ ಸಾಸಿನ ಬಾಟಲಿಯ ಮೇಲೂ ಕಣ್ಣು ಹಾಯಿಸಬೇಕು, ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ. ಅಜಿನೊಮೊಟೊವನ್ನು ಅನೇಕ ಅಂಗಡಿಗಳು ಬಳಸುತ್ತವೆ. ಮನೆಯಲ್ಲಿ ಬೇಡವೆಂದರೆ ಟೊಮೆಟೊ ಪೇಸ್ಟ್ ಮತ್ತು ಸೋಯಾ ಸಾಸ್ ಇವೆರಡೂ ಅಜಿನೊಮೊಟೊದಲ್ಲಿರುವ ಗ್ಲುಟಮೇಟ್ ಸಹಜವಾಗಿಯೇ ಇರುವ ಪದಾರ್ಥಗಳು. ತರಕಾರಿಯ ನೀರಿಗೆ ಎರಡು ಅಣಬೆ ಹಾಕಿ ಬೇಯಿಸಿದರೆ ಇನ್ನೂ ಒಳ್ಳೆಯದು.

ಕಾರ್ಡಿಫ್ ವಾಸಿ

ನಮ್ಮ ವೇಲ್ಸ್‌ನಲ್ಲಿ ಇದೇ ಸಾಸನ್ನು ‘ಹಾಫ್ ಆಂಡ್ ಹಾಫ್’ ಮೇಲೆ ಸುರಿದು ಕೊಡುತ್ತಾರೆ, ಅಂದರೆ ಅರ್ಧ ಚಿಪ್ಸ್, ಅರ್ಧ ಅನ್ನ. ಅನ್ನ ಕಂಡರೆ ಬಿಡದ ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ ಊಟ. ಮಾಡುವವರು ಸಾಸನ್ನು ಅನ್ನಕ್ಕೆ ಕೊಂಚ ತೆಳ್ಳಗೆ ಇಟ್ಟುಕೊಳ್ಳಿ. ಚಿಪ್ಸಿಗೆ ಸರಿಹೋಗುವ ಹದ ಅನ್ನದ ಮೇಲೆ ಮುದ್ದೆಯಾಗಿ ಕೂರುತ್ತದೆ.

ಲೀಡ್ಸ್ ಕನ್ನಡತಿ

ಬಾಣಲೆಯವರ ವಿಧಾನದಲ್ಲಿ ಸೇಬನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಿರಬಹುದು. ಸೇಬೂ ಹಿಟ್ಟೂ ಚೈನೀಸ್ ಅಂಗಡಿಗಳು ತಂದ ಹೊಸತನವಲ್ಲ, ಇಂಗ್ಲಿಷರ ಮನೆಗಳಲ್ಲಿ ಬಹಳ ಹಿಂದಿನಿಂದ ನಡೆದುಬಂದದ್ದು. 1747ರಲ್ಲಿ ಹ್ಯಾನಾ ಗ್ಲಾಸ್ ಅವರು ತಮ್ಮ ಅಡುಗೆ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಕರಿಯಲ್ಲಿ ಮಸಾಲೆಯೆಂದರೆ ಕಾಳುಮೆಣಸು ಮತ್ತು ಕೊತ್ತಂಬರಿ ಬೀಜ ಮಾತ್ರ, ಅರಿಶಿನ ಇರಲಿಲ್ಲ. 1861ರ ಹೊತ್ತಿಗೆ ಇಸಾಬೆಲ್ಲಾ ಬೀಟನ್ ಅವರ ಪುಸ್ತಕದ ಕೋಳಿ ಕರಿಯಲ್ಲಿ ಬೆಣ್ಣೆ, ಮೂರು ಈರುಳ್ಳಿ, ಒಂದು ಚಮಚ ಕರಿ ಪುಡಿ, ಒಂದು ಚಮಚ ಹಿಟ್ಟು ಮತ್ತು ಒಂದು ಸೇಬು ಬಂದು ಕೂತಿವೆ. ಮಾಂಸವನ್ನು ಬದಿಗಿಟ್ಟು ನೋಡಿದರೆ ನಾವು ಇಲ್ಲಿ ಚರ್ಚಿಸುತ್ತಿರುವ ಸಾಸಿನ ಅಸ್ಥಿಪಂಜರ ಅದೇ. ಜಪಾನಿನವರು ಮೇಜಿ ಕಾಲದಲ್ಲಿ (1868–1912) ಕರಿಯನ್ನು ಕಲಿತದ್ದೂ ಬ್ರಿಟಿಷರ ಮೂಲಕವೇ ಆದ್ದರಿಂದ ಅವರ ಕತ್ಸು ಕರಿಯ (ಕರಿದ ಮಾಂಸದ ತುಂಡಿನೊಂದಿಗೆ ಕೊಡುವ ಕರಿಯ) ಸಾಸ್ ತಿಂದವರಿಗೆ ಇದು ಅದರ ಒಡಹುಟ್ಟಿದಂತೆ ಕಾಣುತ್ತದೆ.

ಇಂಡಿಯನ್ ಟೇಕ್‌ಅವೇಯ ಬೇಸ್ ಗ್ರೇವಿಯ ಬಗ್ಗೆ ಖಾಸಗಿಯಾಗಿ ಇಬ್ಬರು ಕೇಳಿದ್ದರಿಂದ ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದರಲ್ಲಿ ಹಿಟ್ಟಿಲ್ಲ. ಒಂದು ಕಿಲೋ ಈರುಳ್ಳಿಗೆ ಒಂದು ಕ್ಯಾರೆಟ್, ಸ್ವಲ್ಪ ಎಲೆಕೋಸು, ಅರ್ಧ ದೊಣ್ಣೆಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಎರಡು ಟೊಮೆಟೊ, ಧಾರಾಳವಾಗಿ ಎಣ್ಣೆ ಮತ್ತು ಮುಳುಗುವಷ್ಟು ನೀರು ಹಾಕಿ ಒಂದು ಗಂಟೆ ಬೇಯಿಸಿ, ಅರಿಶಿನ, ಧನಿಯಾ, ಜೀರಿಗೆ ಪುಡಿ ಹಾಕಿ, ರುಬ್ಬಿ, ಮತ್ತೆ ಕುದಿಸಿ, ಹಾಲಿನಷ್ಟು ತೆಳ್ಳಗೆ ಇಟ್ಟುಕೊಳ್ಳುತ್ತಾರೆ. ಅದನ್ನು ಹಾಗೆಯೇ ತಿನ್ನುವಂತಿಲ್ಲ, ತಿಂದರೆ ಸಪ್ಪೆ. ಗಿರಾಕಿ ಕೇಳಿದಾಗ ಕಾದ ಬಾಣಲೆಗೆ ಬೆಳ್ಳುಳ್ಳಿ, ಮಸಾಲೆ, ಟೊಮೆಟೊ ಪೇಸ್ಟ್ ಹಾಕಿ, ಬಿಸಿ ಗ್ರೇವಿಯನ್ನು ಒಂದೊಂದು ಸೌಟು ಸುರಿದು, ಜೋರು ಉರಿಯಲ್ಲಿ ಬತ್ತಿಸಿ ಹತ್ತೇ ನಿಮಿಷದಲ್ಲಿ ಪದಾರ್ಥ ಮಾಡುತ್ತಾರೆ. ಗ್ರೇವಿ ಒಂದೇ, ಕೆನೆ, ತೆಂಗು, ಸಕ್ಕರೆ ಸೇರಿದರೆ ಕೋರ್ಮಾ, ಮೆಣಸಿನಪುಡಿ ಹೆಚ್ಚಾದರೆ ಮದ್ರಾಸ್, ಇನ್ನೂ ಹೆಚ್ಚಾದರೆ ವಿಂದಾಲೂ. ಅಲ್ಲಿನ ಮದ್ರಾಸಿಗೂ ಚೆನ್ನೈ ಅಡುಗೆಗೂ ಹೆಸರಿನ ಸಂಬಂಧ ಬಿಟ್ಟರೆ ಬೇರೇನೂ ಇಲ್ಲ. ವಿಂದಾಲೂ ಮಾತ್ರ ಪೋರ್ಚುಗೀಸರ ವಿನೆಗರ್ ಮತ್ತು ಬೆಳ್ಳುಳ್ಳಿಯಿಂದ ಗೋವೆಯಲ್ಲಿ ಹುಟ್ಟಿದ ಅಡುಗೆ. ನಮ್ಮ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಅದರ ಹುಳಿ ಇನ್ನೂ ಉಳಿದಿದೆ, ಇಲ್ಲಿನ ಟೇಕ್‌ಅವೇಗಳಲ್ಲಿ ಖಾರ ಮಾತ್ರ ಉಳಿದಿದೆ.

ಒಗ್ಗರಣೆ ಡಬ್ಬಿ, ಮೈಸೂರು

ಬಾಣಲೆಯವರ ಮಾತು ಮನಸ್ಸಿನಲ್ಲೇ ಕೊರೆಯುತ್ತಿತ್ತು, ಆದ್ದರಿಂದ ನಿನ್ನೆ ನಾನೇ ಮಾಡಿ ನೋಡಿದೆ. ಪಾಕಪ್ರಯೋಗ ಅವರ ಪುಡಿ, ಬಾಣಲೆಯವರ ಅಳತೆ, ಎಲ್ಲವೂ ಹೇಳಿದಂತೆಯೇ. ಮಾಡಿದ್ದನ್ನು ಎರಡು ಪಾಲು ಮಾಡಿ, ಒಂದಕ್ಕೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟೆ, ಇನ್ನೊಂದನ್ನು ಹಾಗೆಯೇ ಬಿಟ್ಟೆ. ಒಗ್ಗರಣೆ ಬಿದ್ದ ಪಾಲು ಮಜ್ಜಿಗೆಹುಳಿಯಲ್ಲದ, ಗೊಜ್ಜೂ ಅಲ್ಲದ ಒಂದು ಸ್ಥಿತಿಗೆ ಬಂದು, ಸೇಬಿನ ಸಿಹಿಗೂ ಇಂಗಿಗೂ ಹೊಂದಾಣಿಕೆಯೇ ಆಗಲಿಲ್ಲ. ಹಾಗೆಯೇ ಬಿಟ್ಟ ಪಾಲನ್ನು ಮನೆಯವರು ಬೋಂಡದ ಜೊತೆ ಬಡಿಸಿಕೊಂಡು ಖಾಲಿ ಮಾಡಿದರು. ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಂದು ಅನುಮಾನ ಉಳಿದಿದೆ: ನನ್ನ ಸಾಸಿನ ಬಣ್ಣ ಸ್ವಲ್ಪ ಮಂಕಾಗಿತ್ತು, ಬೂದಿ ಬೆರೆತಂತೆ.

ಪಾಕಪ್ರಯೋಗ

ಅದು ಈರುಳ್ಳಿಯ ಬಣ್ಣ. ನಮ್ಮ ಮಾರುಕಟ್ಟೆಯ ಕೆಂಪು ಈರುಳ್ಳಿಯನ್ನು ಬೇಯಿಸಿ ರುಬ್ಬಿದಾಗ ಅದರ ನೇರಳೆ ಬಣ್ಣ ಹಳದಿಯೊಂದಿಗೆ ಸೇರಿ ಮಂಕಾಗುತ್ತದೆ. ಅಲ್ಲಿನವರು ಬಳಸುವುದು ಕಂದು ಸಿಪ್ಪೆಯ, ಒಳಗೆ ಬೆಳ್ಳಗಿರುವ ಈರುಳ್ಳಿಯನ್ನು. ಇಲ್ಲಿ ಬಿಳಿ ಈರುಳ್ಳಿ ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ಕೆಂಪು ಈರುಳ್ಳಿಯ ಹೊರಗಿನ ಎರಡು ಪದರ ತೆಗೆದುಹಾಕಿ.

ತುಂಗಾತೀರ, ಶಿವಮೊಗ್ಗ

ಹೌದು, ಪಾಕಪ್ರಯೋಗ ಅವರೇ, ಸೋಡಾ ಹಾಕಿದ್ದು ನಿಜ. ಒಂದು ಅಡುಗೆ ವಿಡಿಯೊದಲ್ಲಿ ನೋಡಿ ಅರ್ಧ ಚಮಚ ಹಾಕಿದ್ದೆ. ವರುಷಕ್ಕೆ ಹತ್ತು ಸಲ ಆರತಿಯ ತಟ್ಟೆಗೆ ಸುಣ್ಣ ಬೆರೆಸುವ ನನಗೆ ಅದು ಹೊಳೆಯಲೇ ಇಲ್ಲ.

ಗುರುವಾರ ರಾತ್ರಿ ಬಾಣಲೆಯವರ ಕ್ರಮದಲ್ಲೇ ಮಾಡಿದೆ. ಒಂದು ಅನಾಹುತವೂ ಆಯಿತು, ಬೇರೆಯವರು ಎಚ್ಚರವಾಗಿರಲಿ ಎಂದು ಹೇಳುತ್ತಿದ್ದೇನೆ. ಪೂರ್ತಿ ಆರಿಸದೆ ಮಿಕ್ಸಿಗೆ ಹಾಕಿದ್ದರಿಂದ ಒಳಗಿನ ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ, ಕಿಟಕಿಯ ಪಕ್ಕದ ಸುಣ್ಣದ ಗೋಡೆಗೆ ಸಾಸ್ ಸಿಡಿಯಿತು. ಒರೆಸಿದ ಕಡೆಯೆಲ್ಲ ಹಳದಿ ಹೋಗಿ ಕೆಂಪು ಕಲೆ ಉಳಿದಿದೆ; ಕಾರಣ ಈಗ ಗೊತ್ತಿದೆ. ಕೈಗೆ ತಾಗಲಿಲ್ಲ ಎನ್ನುವುದು ಪುಣ್ಯ. ಬಿಸಿ ಪದಾರ್ಥವನ್ನು ಜಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಸಾಧ್ಯವಿದ್ದರೆ ಪೂರ್ತಿ ಆರುವವರೆಗೆ ಕಾಯಿರಿ.

ಉಳಿದದ್ದನ್ನು ಸೋಸಿ ಫ್ರಿಜ್ಜಿನಲ್ಲಿಟ್ಟು ಶುಕ್ರವಾರ ಸಂಜೆ ಬಿಸಿ ಮಾಡಿದೆ. ರಾತ್ರಿ ರುಚಿ ನೋಡಿದಾಗ ಅರಿಶಿನ ಒಂದು ಕಡೆ, ಸಕ್ಕರೆ ಒಂದು ಕಡೆ ಇದ್ದಂತೆ ಅನ್ನಿಸಿತ್ತು. ಮರುದಿನ ಅವೆರಡೂ ಬೇರೆಯಾಗಿ ಸಿಗಲಿಲ್ಲ. ಗಟ್ಟಿಯಾಗಿದ್ದರಿಂದ ಅರ್ಧ ಲೋಟ ಬಿಸಿನೀರು ಬೇಕಾಯಿತು. ಆಲೂಗೆಡ್ಡೆಯನ್ನು ದಪ್ಪಗೆ ಸೀಳಿ, ಮೊದಲು ಹದ ಉರಿಯಲ್ಲಿ ಬೇಯುವಷ್ಟು, ಆರಿದ ಮೇಲೆ ಜೋರು ಉರಿಯಲ್ಲಿ ಹೊಂಬಣ್ಣ ಬರುವಷ್ಟು, ಹೀಗೆ ಎರಡು ಸಲ ಕರಿದೆ. ಮಗಳು ಲೋಟವನ್ನು ಮುಟ್ಟದೆ ಕಾದು ಕುಳಿತಳು. ಏಕೆಂದು ಕೇಳಿದ್ದಕ್ಕೆ ಪೊರೆ ಕಟ್ಟಲಿ ಎಂದಳು. ಕಟ್ಟಿತು.

ಒಂದೇ ಒಂದು ಕೊರತೆ: ಅಂಗಡಿಯದರಲ್ಲಿ ಇದ್ದ ಗಂಟಲಿನ ಖಾರ ನನ್ನದರಲ್ಲಿ ಕಡಿಮೆ ಇತ್ತು. ಮುಂದಿನ ಸಲ ಕಾಳುಮೆಣಸನ್ನು ಹೆಚ್ಚಿಸುತ್ತೇನೆ, ಮೆಣಸಿನಪುಡಿಯನ್ನಲ್ಲ. ಪ್ರತಿ ವಾರವೂ ಇಷ್ಟು ಹೊತ್ತು ಒಲೆಯ ಮುಂದೆ ನಿಲ್ಲುವುದು ಕಷ್ಟವಾದ್ದರಿಂದ ಕೇಳುತ್ತೇನೆ: ಬಾಣಲೆಯವರೇ, ಆ ಸೋಮವಾರದ ಪೇಸ್ಟನ್ನು ಮನೆಯಲ್ಲಿ ಮಾಡಿ ಇಟ್ಟುಕೊಳ್ಳಬಹುದೇ? ಸಾಸನ್ನೇ ಫ್ರೀಜರಿನಲ್ಲಿ ಇಡುವುದು ಒಳ್ಳೆಯದೇ?

ಬಾಣಲೆ, ಮ್ಯಾಂಚೆಸ್ಟರ್

ಸಾಸನ್ನು ಫ್ರೀಜರಿನಲ್ಲಿಟ್ಟರೆ ಕರಗಿದಾಗ ನೀರು ಬೇರೆ, ಹಿಟ್ಟು ಬೇರೆಯಾಗಿ ಒಡೆದಂತೆ ಕಾಣುತ್ತದೆ. ಮೈದಾದ್ದನ್ನು ಮತ್ತೆ ರುಬ್ಬಿ ಸರಿಮಾಡಬಹುದು, ಕಾರ್ನ್‌ಫ್ಲೋರಿನದು ಇನ್ನೂ ಕೆಡುತ್ತದೆ. ಆದ್ದರಿಂದ ಪೇಸ್ಟ್ ಇಡುವುದೇ ಮೇಲು. 100 ಗ್ರಾಂ ವನಸ್ಪತಿ ಅಥವಾ ಬೆಣ್ಣೆಯನ್ನು ಕರಗಿಸಿ, 100 ಗ್ರಾಂ ಮೈದಾವನ್ನು ಸಣ್ಣ ಉರಿಯಲ್ಲಿ 8 ರಿಂದ 10 ನಿಮಿಷ ಹುರಿದು, ಒಲೆ ಆರಿಸಿದ ಮೇಲೆ 50 ಗ್ರಾಂ ಕರಿ ಪುಡಿ ಬೆರೆಸಿ ಆ ಬಿಸಿಯಲ್ಲೇ ತಿರುವಿ, ಉಪ್ಪು ಮತ್ತು ಸಕ್ಕರೆ ಸೇರಿಸಿ ತಟ್ಟೆಗೆ ಸುರಿಯಿರಿ. ಮೈಸೂರು ಪಾಕಿಗೆ ಗೆರೆ ಎಳೆಯುವಂತೆ ಬೆಚ್ಚಗಿರುವಾಗಲೇ ಗೆರೆ ಎಳೆದಿಟ್ಟರೆ ಫ್ರಿಜ್ಜಿನಲ್ಲಿ ಗಟ್ಟಿಯಾದ ಮೇಲೆ ಬಿಲ್ಲೆಗಳಾಗಿ ಬಿಡಿಸಿಕೊಳ್ಳಬಹುದು. ಪೇಸ್ಟಿನಲ್ಲಿ ನೀರಿನ ಪಸೆ ಇರಬಾರದು ಎಂದೇ ಈರುಳ್ಳಿಯನ್ನು ಇಲ್ಲಿ ಸೇರಿಸಿಲ್ಲ. ಸಾಸ್ ಮಾಡುವ ದಿನ ಈರುಳ್ಳಿ ಮತ್ತು ಸೇಬನ್ನು ಬಾಡಿಸಿ, ಅರ್ಧ ಲೀಟರ್ ನೀರು ಹಾಕಿ ಬೇಯಿಸಿ ರುಬ್ಬಿ, ಕುದಿಯುವಾಗ 60 ರಿಂದ 80 ಗ್ರಾಂ ಬಿಲ್ಲೆಯನ್ನು ಕರಗಿಸಿದರೆ ಆಯಿತು. ಕೆಲವು ಅಂಗಡಿಗಳಲ್ಲಿ ದೊಡ್ಡ ಈರುಳ್ಳಿ ತುಂಡುಗಳನ್ನೂ ಹಸಿ ಬಟಾಣಿಯನ್ನೂ ಕೊನೆಗೆ ಹಾಕುತ್ತಾರೆ, ಮಗಳಿಗೆ ಇಷ್ಟವಿದ್ದರೆ ಹಾಕಿ. ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಿಲ್ಲೆಗಳನ್ನು ಹೊರಗಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ, ತೆಗೆಯುವ ಚಮಚ ಒಣಗಿರಲಿ.